ಕಾಲ ದಾಟಿ ಜೋಡಿ ಕಟ್ಟುವುದು ಹೇಗೆ?

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುತ್ತದೆ. ಜಾತ್ರೆಯ ಕುಸ್ತಿಗೆ ನಾನು ಯಾವಾಗಲೂ ಬೇಗ ಹೋಗುತ್ತೇನೆ. ಪಟ್ಟು, ಹಿಡಿತ ನೋಡುವುದಕ್ಕೆ ಎಲ್ಲರೂ ಇರುತ್ತಾರೆ. ನನಗೆ ಅದಕ್ಕೂ ಮುಂಚಿನ ಕೆಲಸ ನೋಡಬೇಕು. ಅದು ಜೋಡಿ ಕಟ್ಟುವ ಕೆಲಸ. ಹುಡುಗನೊಬ್ಬ ಅಂಗಿ ಬಿಚ್ಚಿ ಅಖಾಡದ ಅಂಚಿಗೆ ಬಂದು ನಿಲ್ಲುತ್ತಾನೆ. ಹಿರಿಯರು ಅವನ ಕತ್ತು, ಹೆಗಲು, ತೊಡೆ ನೋಡುತ್ತಾರೆ. ಕಿವಿಯನ್ನೂ ನೋಡುತ್ತಾರೆ, ಏಕೆಂದರೆ ಉಜ್ಜಿ ಉಜ್ಜಿ ಮುದ್ದೆಗಟ್ಟಿದ ಕಿವಿ ಎಷ್ಟು ವರ್ಷದ ತಾಲೀಮು ಎಂಬುದನ್ನು ಬಾಯಿಗಿಂತ ಚೆನ್ನಾಗಿ ಹೇಳುತ್ತದೆ. ಯಾವ ಊರು, ಯಾವ ಗರಡಿ ಎಂದು ವಿಚಾರಿಸುತ್ತಾರೆ. ಆಮೇಲೆ ಇನ್ನೊಬ್ಬನನ್ನು ಕರೆತಂದು ಇಬ್ಬರ ಕೈ ಸೇರಿಸುತ್ತಾರೆ. ಜೋಡಿ ಸರಿಯಾಗಿದ್ದರೆ ಹಲಗೆಯ ಸದ್ದು ಏರುತ್ತದೆ. ಸರಿಯಾಗದಿದ್ದರೆ ಜನ ಕೂಗಿ ಬಿಡಿಸುತ್ತಾರೆ.

ಹೋದ ಚಳಿಗಾಲದ ಒಂದು ಸಂಜೆ ಹಳೇ ದಾವಣಗೆರೆಯ ಗರಡಿಯೊಂದರಲ್ಲಿ ಕುಳಿತಿದ್ದೆ. ಹುಡುಗನೊಬ್ಬ ಮೈಗೆ ಹತ್ತಿದ ಮಣ್ಣನ್ನೂ ಒರೆಸಿಕೊಳ್ಳದೆ ಮೊಬೈಲ್ ತಂದು ಉಸ್ತಾದರ ಮುಂದೆ ಹಿಡಿದ. ಯಾರೋ ಕಂಪ್ಯೂಟರಿನಲ್ಲಿ ಮಾಡಿದ ವಿಡಿಯೊ ಅದು, ಮಹಮ್ಮದ್ ಅಲಿಗೂ ಮೈಕ್ ಟೈಸನ್‌ಗೂ ಬಾಕ್ಸಿಂಗ್ ಕಾದಾಟ. "ಉಸ್ತಾದ್, ನಿಜವಾಗಿ ನಡೆದಿದ್ದರೆ ಯಾರು ಗೆಲ್ಲುತ್ತಿದ್ದರು?" ಉಸ್ತಾದರು ಎರಡು ಸುತ್ತು ಪೂರ್ತಿ ನೋಡಿದರು. ಆಮೇಲೆ ಕೇಳಿದರು: "ಯಾವ ಮಟ್ಟಿಯಲ್ಲಪ್ಪ?" ಮಟ್ಟಿ ಎಂದರೆ ಕುಸ್ತಿ ಆಡುವ ಮಣ್ಣಿನ ನೆಲ.

ಹುಡುಗನಿಗೆ ಅದು ಉತ್ತರ ತಪ್ಪಿಸಿಕೊಳ್ಳುವ ಮಾತಿನಂತೆ ಕೇಳಿಸಿತು. ಬೇರೆ ಬೇರೆ ಕಾಲದ ಹೆವಿವೇಟ್ (ಅತಿ ಹೆಚ್ಚು ತೂಕದ ವರ್ಗ) ಚಾಂಪಿಯನ್ನರನ್ನು ಎದುರುಬದುರು ನಿಲ್ಲಿಸುವ ಆಟವನ್ನು ಇಪ್ಪತ್ತು ವರ್ಷದಿಂದ ಆಡುತ್ತಾ ಬಂದಿರುವ ನನಗೆ, ಇಡೀ ಚರ್ಚೆಯ ಬೀಗದ ಕೈ ಆ ಒಂದೇ ಮಾತಿನಲ್ಲಿದೆ ಎನಿಸಿತು.

ಈ ಪ್ರಶ್ನೆ ಏಕೆ ಇಷ್ಟು ಕಷ್ಟ? ಓಟಕ್ಕಾದರೆ ಗಡಿಯಾರವಿದೆ. 1936ರ ಒಲಿಂಪಿಕ್ಸ್‌ನಲ್ಲಿ ಜೆಸ್ಸಿ ಓವೆನ್ಸ್ ಬರ್ಲಿನ್‌ನಲ್ಲಿ 100 ಮೀಟರನ್ನು 10.3 ಸೆಕೆಂಡಿನಲ್ಲಿ ಓಡಿದ. 2009ರಲ್ಲಿ ಅದೇ ಊರಿನಲ್ಲಿ ಉಸೇನ್ ಬೋಲ್ಟ್ 9.58ರಲ್ಲಿ ಓಡಿದ. ಓವೆನ್ಸ್ ಓಡಿದ್ದು ಕಿಟ್ಟದ ಪುಡಿ ಹಾಸಿದ ಹಾದಿಯಲ್ಲಿ ಎಂದು ಅವನ ಪರವಾಗಿ ಒಂದಷ್ಟು ರಿಯಾಯಿತಿ ಕೊಡಬಹುದು; ಆದರೂ ಕೈಯಲ್ಲೊಂದು ಅಳತೆ ಉಳಿಯುತ್ತದೆ. ಬಾಕ್ಸಿಂಗ್‌ನಲ್ಲಿ ಅಂಥ ಅಳತೆಯಿಲ್ಲ. ಒಬ್ಬ ಬಾಕ್ಸರ್ ಎಷ್ಟು ಒಳ್ಳೆಯವನು ಎಂಬುದು ಎದುರಿಗೆ ನಿಂತವನಿಂದ ಮಾತ್ರ ಗೊತ್ತಾಗುತ್ತದೆ. ಆ ಎದುರಾಳಿ ಎಷ್ಟು ಒಳ್ಳೆಯವನು ಎಂಬುದು ಅವನ ಎದುರಾಳಿಯಿಂದ.

ಹಾಗಾದರೆ ಎದುರಾಳಿಯಿಂದ ಎದುರಾಳಿಗೆ ದಾಟುತ್ತಾ ಕಾಲವನ್ನೇ ದಾಟಬಹುದಲ್ಲ ಎಂದು ನಾನು ಒಮ್ಮೆ ಯೋಚಿಸಿದ್ದೆ. ಅಂಥ ಸರಪಳಿ ನಿಜವಾಗಿಯೂ ಇದೆ. ಜೋ ಲೂಯಿಸ್ 1951ರಲ್ಲಿ ರಾಕಿ ಮಾರ್ಸಿಯಾನೊನನ್ನು ಎದುರಿಸಿದ. ಮಾರ್ಸಿಯಾನೊ 1955ರಲ್ಲಿ ಆರ್ಚಿ ಮೂರ್‌ನನ್ನು. ಅದೇ ಮೂರ್ 1962ರಲ್ಲಿ ಇನ್ನೂ ಕ್ಯಾಷಿಯಸ್ ಕ್ಲೇ ಎಂಬ ಹೆಸರಿನಲ್ಲಿದ್ದ ಅಲಿಯನ್ನು. ಅಲಿ 1980ರಲ್ಲಿ ಲ್ಯಾರಿ ಹೋಮ್ಸ್‌ನನ್ನು, ಹೋಮ್ಸ್ 1988ರಲ್ಲಿ ಟೈಸನ್‌ನನ್ನು, ಟೈಸನ್ 2002ರಲ್ಲಿ ಲೆನಾಕ್ಸ್ ಲೂಯಿಸ್‌ನನ್ನು, ಲೆನಾಕ್ಸ್ 2003ರಲ್ಲಿ ವಿಟಾಲಿ ಕ್ಲಿಟ್ಸ್‌ಕೊನನ್ನು. ವಿಟಾಲಿ 2012ರಲ್ಲಿ ಡೆರೆಕ್ ಚಿಸೋರನನ್ನು, ಚಿಸೋರ 2020ರಲ್ಲಿ ಒಲೆಕ್ಸಾಂಡರ್ ಉಸಿಕ್‌ನನ್ನು. ಹತ್ತು ಜನ, ಒಂಬತ್ತು ಪಂದ್ಯ; 1937ರಲ್ಲಿ ಪಟ್ಟಕ್ಕೆ ಬಂದ ಜೋ ಲೂಯಿಸ್‌ನಿಂದ ನಮ್ಮ ಕಣ್ಣೆದುರಿನ ಉಸಿಕ್‌ವರೆಗೆ ಒಂದು ದಾರಿ. ಇದನ್ನು ಮೊದಲ ಸಲ ಕಾಗದದ ಮೇಲೆ ಬರೆದಾಗ ನನಗೆ ಮೈ ನವಿರೆದ್ದಿತ್ತು.

ಆದರೆ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಹಿಡಿದು ನೋಡಿ. ಮಾರ್ಸಿಯಾನೊನ ಎದುರು ಕುಸಿದ ದಿನ ಲೂಯಿಸ್‌ಗೆ 37 ವರ್ಷ, ಗೆದ್ದವನಿಗೆ 28. ಅಲಿಯ ಎದುರು ನಿಂತಾಗ ಮೂರ್ ನಲವತ್ತು ದಾಟಿ ವರ್ಷಗಳಾಗಿದ್ದವು, ಅಲಿಗೆ ಇಪ್ಪತ್ತು. ಹೋಮ್ಸ್‌ನಿಂದ ಏಟು ತಿಂದು ಹತ್ತನೆಯ ಸುತ್ತು ಮುಗಿಸಿ ಸ್ಟೂಲಿನಿಂದ ಏಳಲಾಗದ ಅಲಿಗೆ 38. ಟೈಸನ್ ನಾಲ್ಕನೆಯ ಸುತ್ತಿನಲ್ಲಿ ಕೆಡವಿದ ಹೋಮ್ಸ್‌ಗೂ 38, ಟೈಸನ್‌ಗೆ 21. ಈ ನಾಲ್ಕೂ ಕೊಂಡಿಗಳಲ್ಲಿ ನಡೆದದ್ದು ಒಂದೇ ಕಥೆ: ಹಳಬ ಇಳಿಯುವ ಹೊತ್ತಿಗೆ ಹೊಸಬ ಏರುತ್ತಿದ್ದ. ಇಂಥ ಕೊಂಡಿಗಳನ್ನು ನಂಬಿದರೆ ಹೊಸಬ ಹಳಬನಿಗಿಂತ ಮೇಲು ಎಂದೇ ಬರುತ್ತದೆ. ಅದು ವಯಸ್ಸಿನ ಲೆಕ್ಕವೇ ಹೊರತು ಬಾಕ್ಸಿಂಗ್‌ನ ಲೆಕ್ಕವಲ್ಲ.

ಈ ಹರಿವಿಗೆ ಎದುರಾಗಿ ಈಜಿದವನು ಒಬ್ಬನಿದ್ದಾನೆ, ಜಾರ್ಜ್ ಫೋರ್‌ಮನ್. 1974ರ ಅಕ್ಟೋಬರ್ 30ರಂದು ಕಿನ್ಷಾಸಾದಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ, ಎಂಟನೆಯ ಸುತ್ತಿನಲ್ಲಿ ಅಲಿಗೆ ಸೋತ. ಇಪ್ಪತ್ತು ವರ್ಷದ ನಂತರ, 1994ರ ನವೆಂಬರ್ 5ರಂದು, 45ರ ಫೋರ್‌ಮನ್ 26ರ ಮೈಕಲ್ ಮೂರರ್‌ನನ್ನು ಹತ್ತನೆಯ ಸುತ್ತಿನಲ್ಲಿ ಮಲಗಿಸಿ ಮತ್ತೆ ಚಾಂಪಿಯನ್ ಆದ. ಅಂದು ಅವನು ತೊಟ್ಟದ್ದು ಕಿನ್ಷಾಸಾದ ಅದೇ ಕೆಂಪು ಚಡ್ಡಿ. ಆ ರಾತ್ರಿ ಬಹುತೇಕ ಸುತ್ತುಗಳನ್ನು ಅವನು ಸೋತಿದ್ದ. ಕಾಲಿನ ಚುರುಕು ಹೋಗಿತ್ತು, ಮೈ ಭಾರವಾಗಿತ್ತು. ಬಲಗೈಯ ಏಟು ಮಾತ್ರ ಉಳಿದಿತ್ತು. ಎರಡು ಕಾಲದ ನಡುವೆ ಸೇತುವೆ ಬೇಕಿದ್ದರೆ ನಾನು ನಂಬುವ ಸೇತುವೆ ಇದು. ಎಪ್ಪತ್ತರ ದಶಕದ ಒಬ್ಬ ದೊಡ್ಡ ಹೊಡೆತಗಾರ ಮುದಿಯಾಗಿ ಬಂದರೂ ತೊಂಬತ್ತರ ದಶಕದ ಚಾಂಪಿಯನ್ ಅವನ ಏಟಿಗೆ ನಿಲ್ಲಲಿಲ್ಲ.

ಮೊಬೈಲಿನ ವಿಡಿಯೊದಂಥದ್ದನ್ನು ಅರ್ಧ ಶತಮಾನಕ್ಕೂ ಹಿಂದೆಯೇ ಮಾಡಿದ್ದರು. 1967ರಲ್ಲಿ ಅಮೆರಿಕದ ಮರ್ರಿ ವೊರೋನರ್ ಎಂಬ ರೇಡಿಯೊ ನಿರ್ಮಾಪಕ ಹಳೆಯ, ಹೊಸ ಚಾಂಪಿಯನ್ನರ ಗುಣಾವಗುಣಗಳನ್ನು ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ಉಣಿಸಿ, ಬಂದ ಫಲಿತಾಂಶವನ್ನು ನಿಜವಾದ ಪಂದ್ಯದ ವೀಕ್ಷಕ ವಿವರಣೆಯಂತೆ ಪ್ರಸಾರ ಮಾಡಿದ. ಅದರಲ್ಲಿ ಅಲಿ 1900ರ ಸುಮಾರಿನ ಚಾಂಪಿಯನ್ ಜಿಮ್ ಜೆಫ್ರೀಸ್‌ಗೆ ಸೋತ. ಕೊನೆಗೆ ಗೆದ್ದವನು ಮಾರ್ಸಿಯಾನೊ. ಅಲಿ ಸಿಟ್ಟಿಗೆದ್ದು ನ್ಯಾಯಾಲಯಕ್ಕೆ ಹೋದ. ಅದು ರಾಜಿಯಾಗಿ, ಅಲಿಯನ್ನೂ ಮಾರ್ಸಿಯಾನೊನನ್ನೂ 1969ರಲ್ಲಿ ಮಯಾಮಿಯ ಸ್ಟುಡಿಯೊ ಒಂದರಲ್ಲಿ ನಿಜವಾಗಿಯೇ ರಿಂಗಿಗೆ ಇಳಿಸಿದರು. ಹದಿಮೂರು ವರ್ಷದ ಹಿಂದೆ ನಿವೃತ್ತನಾಗಿದ್ದ ಮಾರ್ಸಿಯಾನೊ ಇಪ್ಪತ್ತು ಕಿಲೊಗೂ ಹೆಚ್ಚು ತೂಕ ಇಳಿಸಿ, ಕೂದಲು ಉದುರಿದ ತಲೆಗೆ ವಿಗ್ ಹಾಕಿಕೊಂಡು ಬಂದ. ಪಟ್ಟ ಕಳೆದುಕೊಂಡು ರಿಂಗಿನಿಂದ ದೂರ ಇಟ್ಟಿದ್ದ ಅಲಿಗೂ ಆಗ ಪಂದ್ಯವಿರಲಿಲ್ಲ. ಇಬ್ಬರೂ ಸುತ್ತಿನ ಮೇಲೆ ಸುತ್ತು ನಯವಾಗಿ ಸೆಣಸಿದರು. ಬೇರೆ ಬೇರೆ ಮುಕ್ತಾಯಗಳನ್ನು ಚಿತ್ರೀಕರಿಸಿಕೊಂಡರು. ಯಾವುದನ್ನು ತೋರಿಸುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. 1970ರ ಜನವರಿ 20ರಂದು ಚಿತ್ರಮಂದಿರಗಳಲ್ಲಿ ಅದು ತೆರೆಗೆ ಬಂತು. ಹದಿಮೂರನೆಯ ಸುತ್ತಿನಲ್ಲಿ ಮಾರ್ಸಿಯಾನೊ ನಾಕೌಟ್ ಮಾಡಿ ಗೆದ್ದ. ಅದನ್ನು ನೋಡಲು ಅವನು ಬದುಕಿರಲಿಲ್ಲ. ಹಿಂದಿನ ಆಗಸ್ಟ್ 31ರಂದು, 46 ತುಂಬಲು ಒಂದು ದಿನ ಇರುವಾಗ, ವಿಮಾನ ಅಪಘಾತದಲ್ಲಿ ತೀರಿಹೋಗಿದ್ದ. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಗೆದ್ದವನು ಅಲಿ.

ಒಂದೇ ಯಂತ್ರದ ಹೆಸರಿನಲ್ಲಿ ಎರಡು ಕಡೆ ಎರಡು ಫಲಿತಾಂಶ! ಯಂತ್ರ ಮಾಡುವುದೇನು ಎಂಬುದು ಇದರಿಂದ ಗೊತ್ತಾಗುತ್ತದೆ. ಮಾರ್ಸಿಯಾನೊನ ಗಟ್ಟಿತನಕ್ಕೆ ಇಷ್ಟು, ಅಲಿಯ ವೇಗಕ್ಕೆ ಇಷ್ಟು ಎಂದು ಅಂಕ ಹಾಕಿದವರು ಮನುಷ್ಯರು. ಹಾಕಿದ ಅಂಕವನ್ನು ಯಂತ್ರ ಕೂಡಿ ಕಳೆಯುತ್ತದೆ, ಅಷ್ಟೇ. ಚದುರಂಗದಲ್ಲಿ ಬಳಸುವ ಎಲೋ ರೇಟಿಂಗ್ ಇದಕ್ಕಿಂತ ಪ್ರಾಮಾಣಿಕ ಪದ್ಧತಿ. ಅಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ಗೆದ್ದವನಿಗೆ ಸೋತವನ ಖಾತೆಯಿಂದ ಅಂಕ ಬರುತ್ತದೆ, ಬಲಿಷ್ಠನನ್ನು ಸೋಲಿಸಿದರೆ ಹೆಚ್ಚು, ದುರ್ಬಲನನ್ನು ಸೋಲಿಸಿದರೆ ಕಡಿಮೆ. ಆದರೆ ಅದು ಹೇಳುವುದು ಒಬ್ಬ ತನ್ನ ಕಾಲದವರಿಗಿಂತ ಎಷ್ಟು ಎತ್ತರದಲ್ಲಿದ್ದ ಎಂಬುದನ್ನು. ನಮ್ಮ ಕೇರಿಯಲ್ಲಿ ಎಲ್ಲರಿಗಿಂತ ಎತ್ತರದ ಮನೆ, ಪಕ್ಕದೂರಿನಲ್ಲಿ ಎಲ್ಲರಿಗಿಂತ ಎತ್ತರದ ಮನೆ ಎಂದಷ್ಟೇ ಗೊತ್ತಿದ್ದರೆ ಎರಡರಲ್ಲಿ ಯಾವುದು ಎತ್ತರ ಎಂದು ಹೇಗೆ ಹೇಳುವುದು? ಎರಡು ಕೇರಿಯ ನೆಲ ಒಂದೇ ಮಟ್ಟದಲ್ಲಿದೆಯೇ ಎಂಬುದು ಮೊದಲು ತಿಳಿಯಬೇಕು.

ಇನ್ನು ಉಸ್ತಾದರ ಮಾತಿಗೆ ಬರುತ್ತೇನೆ. ಗರಡಿಯ ಮಟ್ಟಿಯೆಂದರೆ ಕೆಮ್ಮಣ್ಣು, ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ನೆಲ. ಕಾಲು ಹೂಳುತ್ತದೆ, ಬಿದ್ದರೆ ನೋಯುವುದಿಲ್ಲ, ಹಿಡಿತಕ್ಕೆ ಮಣ್ಣು ಸಿಗುತ್ತದೆ. ಜಾತ್ರೆಯ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದರೆ ಗೆಲುವು. ಒಲಿಂಪಿಕ್ಸ್‌ನ ಮ್ಯಾಟ್ ಕುಸ್ತಿ ಬೇರೆ: ಮೂರು ಮೂರು ನಿಮಿಷದ ಎರಡು ಅವಧಿ, ಫಲಿಸಿದ ಪಟ್ಟುಗಳಿಗೆ ಪಾಯಿಂಟ್. ಮಟ್ಟಿಯಲ್ಲಿ ಅರ್ಧ ಗಂಟೆ ಎದುರಾಳಿಯನ್ನು ದಣಿಸಿ ಕೆಡವುವ ಪೈಲ್ವಾನ ಮ್ಯಾಟಿನ ಮೇಲೆ ದಣಿಸುವ ಮೊದಲೇ ಪಾಯಿಂಟಿನಲ್ಲಿ ಸೋತಿರುತ್ತಾನೆ. ಇದನ್ನು ನಮ್ಮ ಊರಿನ ಕುಸ್ತಿ ಹುಡುಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ವಾರದಲ್ಲಿ ಎರಡೂ ನೆಲದ ಮೇಲೆ ಬೀಳುತ್ತಾರೆ. ಗಾಮಾ ಪೈಲ್ವಾನನ ಕಥೆಯನ್ನೇ ನೋಡಿ. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಸ್ಬಿಸ್ಕೊ ಎರಡೂವರೆ ಗಂಟೆ ಮ್ಯಾಟಿಗೆ ಅಂಟಿಕೊಂಡಂತೆ ಹೊಟ್ಟೆಯ ಮೇಲೆ ಮಲಗಿ ಸೋಲು ತಪ್ಪಿಸಿಕೊಂಡ. 1928ರಲ್ಲಿ ಪಟಿಯಾಲದ ಅಖಾಡದಲ್ಲಿ ಅದೇ ಜೋಡಿ ಒಂದು ನಿಮಿಷದೊಳಗೆ ಮುಗಿಯಿತು. ಗೆದ್ದವನು ಗಾಮಾ.

ಬಾಕ್ಸಿಂಗ್‌ನ ಮಟ್ಟಿಯೂ ಹೀಗೆ ಪೂರ್ತಿ ಬದಲಾಗಿದೆ. 1889ರಲ್ಲಿ ಜಾನ್ ಎಲ್. ಸಲಿವನ್ ಜೇಕ್ ಕಿಲ್ರೇನ್‌ನನ್ನು ಬರಿಗೈಯಲ್ಲಿ ಹೊಡೆದು ಗೆಲ್ಲಲು 75 ಸುತ್ತು ಬೇಕಾಯಿತು. ಅಂದಿನ ನಿಯಮದಲ್ಲಿ ಒಬ್ಬ ನೆಲಕ್ಕೆ ಬಿದ್ದರೆ ಸುತ್ತು ಮುಗಿದಂತೆ; ಕಟ್ಟಿ ಹಿಡಿದು ಎಸೆಯುವುದಕ್ಕೂ ಅವಕಾಶವಿತ್ತು. ಅದು ಅರ್ಧ ಕುಸ್ತಿಯೇ. ಮೂರೇ ವರ್ಷದ ನಂತರ, 1892ರಲ್ಲಿ, ಗ್ಲೌಸ್ ತೊಟ್ಟು ಮೂರು ನಿಮಿಷದ ಸುತ್ತುಗಳಲ್ಲಿ ಸೆಣಸಿದಾಗ ಅದೇ ಸಲಿವನ್ ಚುರುಕಿನ ಜಿಮ್ ಕಾರ್ಬೆಟ್‌ಗೆ 21ನೆಯ ಸುತ್ತಿನಲ್ಲಿ ಸೋತ. ವಯಸ್ಸು, ಕುಡಿತ ಎರಡೂ ಅವನನ್ನು ತಿಂದಿದ್ದವು ನಿಜ, ಆದರೆ ನೆಲವೂ ಬದಲಾಗಿತ್ತು. 1910ರಲ್ಲಿ ಜಾಕ್ ಜಾನ್ಸನ್ ಮತ್ತು ಜೆಫ್ರೀಸ್ ನಡುವಿನ ಪಂದ್ಯಕ್ಕೆ ನಿಗದಿಯಾಗಿದ್ದುದು 45 ಸುತ್ತು. 1915ರಲ್ಲಿ ಹವಾನಾದ ಬಿಸಿಲಿನಲ್ಲಿ ಜಾನ್ಸನ್ ಪಟ್ಟ ಕಳೆದುಕೊಂಡದ್ದು 26ನೆಯ ಸುತ್ತಿನಲ್ಲಿ. ಆಮೇಲೆ ಚಾಂಪಿಯನ್ ಪಂದ್ಯ 15 ಸುತ್ತಿಗೆ ನಿಂತಿತು. 1982ರಲ್ಲಿ ಕೊರಿಯಾದ ಕಿಮ್ ದುಕ್ ಕೂ ಪಂದ್ಯದಲ್ಲಿ ತಿಂದ ಏಟಿನಿಂದ ಸತ್ತ ಮೇಲೆ ಅದು ಹಂತ ಹಂತವಾಗಿ 12ಕ್ಕೆ ಇಳಿಯಿತು.

ಸುತ್ತಿನ ಲೆಕ್ಕ ಬರೀ ದಣಿವಿನ ಲೆಕ್ಕವಲ್ಲ, ಮೈ ಕಟ್ಟಿಕೊಳ್ಳುವ ಲೆಕ್ಕ. 45 ಸುತ್ತಿಗೆ ಸಿದ್ಧನಾಗುವವನು ಎತ್ತಿನಂತೆ ನಿಧಾನವಾಗಿ ಉಳುತ್ತಾನೆ, ಏಟು ಉಳಿಸಿಕೊಳ್ಳುತ್ತಾನೆ. ಜಾನ್ಸನ್‌ನ ಹಳೆಯ ಚಿತ್ರಗಳಲ್ಲಿ ಅವನು ಎದುರಾಳಿಯ ತೋಳನ್ನು ಹಿಡಿದು ಸುಮ್ಮನೆ ನಿಂತಂತೆ ಕಾಣುವುದು ಅದಕ್ಕೇ. 12 ಸುತ್ತಿಗೆ ಸಿದ್ಧನಾಗುವವನು 120 ಕಿಲೊ ಹೊತ್ತುಕೊಂಡು ಬರಬಹುದು. 206 ಸೆಂಟಿಮೀಟರ್ ಎತ್ತರದ ಟೈಸನ್ ಫ್ಯೂರಿ 2020ರ ಫೆಬ್ರುವರಿಯಲ್ಲಿ ಡಿಯಾಂಟೆ ವೈಲ್ಡರ್‌ನನ್ನು ಏಳನೆಯ ಸುತ್ತಿನಲ್ಲಿ ನಿಲ್ಲಿಸಿದಾಗ ಅವನ ತೂಕ 124 ಕಿಲೊ. ಆ ಮೈಯನ್ನು ಹವಾನಾದ ಬಿಸಿಲಿನಲ್ಲಿ 26 ಸುತ್ತು ಎಳೆದು ನಿಲ್ಲಿಸುವುದನ್ನು ನಾನು ಊಹಿಸಿಕೊಳ್ಳಲಾರೆ.

ಸಣ್ಣದೆನಿಸುವ ನಿಯಮಗಳೂ ಇವೆ. 1919ರಲ್ಲಿ ಜಾಕ್ ಡೆಂಪ್ಸಿ 85 ಕಿಲೊ ಮೈ ಹೊತ್ತು 111 ಕಿಲೊ ತೂಗುವ ಜೆಸ್ ವಿಲ್ಲರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಸಲ ಕೆಡವಿದ. ಆ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ: ವಿಲ್ಲರ್ಡ್ ಮಂಡಿಯೂರಿ ಏಳಲು ಹೊರಟಾಗ ಡೆಂಪ್ಸಿ ಅವನ ಹಿಂದೆಯೇ ನಿಂತಿರುತ್ತಾನೆ, ಮೊಣಕಾಲು ನೆಲ ಬಿಟ್ಟ ತಕ್ಷಣ ಮತ್ತೆ ಹೊಡೆಯುತ್ತಾನೆ. ಅಂದು ಅದಕ್ಕೆ ಅಡ್ಡಿಯಿರಲಿಲ್ಲ. ಎದುರಾಳಿ ಬಿದ್ದರೆ ದೂರದ ಮೂಲೆಗೆ ಹೋಗಿ ನಿಲ್ಲಬೇಕೆಂಬ ನಿಯಮ ಬಂದ ಮೇಲೆ, 1927ರಲ್ಲಿ ಷಿಕಾಗೋದಲ್ಲಿ ಜೀನ್ ಟನ್ನಿ ಬಿದ್ದಾಗ, ಡೆಂಪ್ಸಿ ಹಳೆಯ ಅಭ್ಯಾಸದಂತೆ ಪಕ್ಕದಲ್ಲೇ ನಿಂತ. ರೆಫರಿ ಅವನನ್ನು ಮೂಲೆಗೆ ಕಳಿಸಿದ ಮೇಲೆಯೇ ಎಣಿಕೆ ಶುರು ಮಾಡಿದ. ಟನ್ನಿಗೆ ನಾಲ್ಕೈದು ಸೆಕೆಂಡು ಹೆಚ್ಚು ಸಿಕ್ಕಿತು. ಎದ್ದ, ಗೆದ್ದ. ಇಂದಿನ ನಿಯಮದಲ್ಲಿ ಡೆಂಪ್ಸಿಯನ್ನು ಫ್ಯೂರಿಯ ಎದುರು ನಿಲ್ಲಿಸುವವರು ಅವನ ಅರ್ಧ ಆಯುಧವನ್ನು ಕಸಿದುಕೊಂಡು ನಿಲ್ಲಿಸುತ್ತಿದ್ದಾರೆ.

ಮೈಗಾತ್ರದ ವಿಷಯದಲ್ಲಿ ಹಳೆಯ ಕಾಲದ ಅಭಿಮಾನಿಗಳು ಬಹಳ ಸಲ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಾನೂ ಮಾರ್ಸಿಯಾನೊನನ್ನು ಪ್ರೀತಿಸುವವನು. 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಆದರೆ ಅವನ ಎತ್ತರ 178 ಸೆಂಟಿಮೀಟರ್, ತೂಕ ಸುಮಾರು 85 ಕಿಲೊ, ತೋಳಿನ ಚಾಚು 173 ಸೆಂಟಿಮೀಟರ್. ಇಂದು 90.7 ಕಿಲೊವರೆಗಿನವರಿಗೆ ಕ್ರೂಸರ್‌ವೇಟ್ ಎಂಬ ಬೇರೆ ವರ್ಗವೇ ಇದೆ. ಮಾರ್ಸಿಯಾನೊ, ಡೆಂಪ್ಸಿ ಅಷ್ಟೇ ಅಲ್ಲ, 1938ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್‌ನನ್ನು ಎರಡು ನಿಮಿಷ ನಾಲ್ಕು ಸೆಕೆಂಡಿನಲ್ಲಿ ಮುಗಿಸಿದ ಜೋ ಲೂಯಿಸ್ ಕೂಡ ಅಂದಿನ ತೂಕದಲ್ಲಿ ಈ ವರ್ಗಕ್ಕೇ ಸೇರುತ್ತಾನೆ. ಫ್ಯೂರಿಯ ಚಾಚು 216 ಸೆಂಟಿಮೀಟರ್. ಇಬ್ಬರ ಚಾಚಿನ ಅಂತರ 43 ಸೆಂಟಿಮೀಟರ್; ಚಾಚನ್ನು ಎರಡೂ ತೋಳು ಹರಡಿ ಅಳೆಯುವುದರಿಂದ ಒಂದು ತೋಳಿಗೆ ಅದರ ಸುಮಾರು ಅರ್ಧ, ಒಂದು ಗೇಣಿಗೆ ಸ್ವಲ್ಪ ಕಡಿಮೆ. ಮಾರ್ಸಿಯಾನೊ ಒಂದು ಏಟು ಹಾಕಬೇಕಾದರೆ ಆ ಅಂತರವನ್ನು ಏಟು ತಿನ್ನುತ್ತಲೇ ದಾಟಬೇಕು. ದಾಟಿ ಒಳಗೆ ಹೋದ ಮೇಲೆ ಫ್ಯೂರಿ ಅವನ ಕತ್ತಿನ ಮೇಲೆ ತನ್ನ ಭಾರ ಇಳಿಬಿಡುತ್ತಾನೆ. ಸಾಮು ಮಾಡಿದವರಿಗೆ ಗೊತ್ತು, ಕತ್ತಿನ ಮೇಲೆ ಬಿದ್ದ ಭಾರವನ್ನು ಎರಡು ನಿಮಿಷ ಹೊತ್ತರೆ ತೊಡೆ ನಡುಗುತ್ತದೆ.

ಹಾಗೆಂದು ದೊಡ್ಡವನೇ ಗೆಲ್ಲುತ್ತಾನೆ ಎಂದುಕೊಳ್ಳಬೇಡಿ. 1935ರಲ್ಲಿ 118 ಕಿಲೊ ತೂಗುವ ಪ್ರಿಮೊ ಕಾರ್ನೆರಾನನ್ನು 89 ಕಿಲೊದ ಜೋ ಲೂಯಿಸ್ ಆರನೆಯ ಸುತ್ತಿನಲ್ಲಿ ನಿಲ್ಲಿಸಿದ. 2009ರಲ್ಲಿ ಏಳಡಿಯ, 143 ಕಿಲೊದ ನಿಕೊಲಾಯ್ ವಲುಯೆವ್‌ನನ್ನು ಅವನಿಗಿಂತ 45 ಕಿಲೊ ಹಗುರದ ಡೇವಿಡ್ ಹೇ ಪಾಯಿಂಟಿನಲ್ಲಿ ಸೋಲಿಸಿದ. ನನ್ನ ಅನುಭವದ ಲೆಕ್ಕ ಇಷ್ಟು: 95 ಕಿಲೊ ದಾಟಿದವನಿಗೆ ಇನ್ನಷ್ಟು ತೂಕದಿಂದ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ, ಅಲ್ಲಿಂದ ಮೇಲೆ ಕಾಲು ಮತ್ತು ಕಣ್ಣು ಕೆಲಸ ಮಾಡುತ್ತವೆ. 85 ಕಿಲೊದವನಿಗೆ ಮಾತ್ರ ಗಾತ್ರದ ತಡೆಗೋಡೆ ನಿಜವಾದದ್ದು. ಮಾರ್ಸಿಯಾನೊನನ್ನು ಇದ್ದಂತೆಯೇ ಎತ್ತಿ ತಂದು ಫ್ಯೂರಿಯ ಎದುರು ನಿಲ್ಲಿಸಿದರೆ ಅವನು ಸೋಲುತ್ತಾನೆ. ಹೇಳಲು ನನಗೆ ನೋವಾಗುತ್ತದೆ, ಆದರೂ ಹೇಳುತ್ತೇನೆ.

ಇದ್ದಂತೆಯೇ ಎತ್ತಿ ತರುವುದು ಒಂದು ಕಲ್ಪನೆ. ಅದೇ ಮನುಷ್ಯ ಇಂದು ಹುಟ್ಟಿ, ಇಂದಿನ ಊಟ ಉಂಡು, ಇಂದಿನ ತಾಲೀಮು ಮಾಡಿದ್ದರೆ ಎಂಬುದು ಇನ್ನೊಂದು ಕಲ್ಪನೆ. ವಾದಕ್ಕೆ ಕುಳಿತ ಇಬ್ಬರಲ್ಲಿ ಒಬ್ಬರು ಮೊದಲನೆಯದನ್ನು, ಇನ್ನೊಬ್ಬರು ಎರಡನೆಯದನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಬೆಣ್ಣೆ ದೋಸೆ ಆರಿ ಹೋದರೂ ವಾದ ಮುಗಿಯದಿರಲು ಕಾರಣ ಇದೇ. ನಾನು ಈ ಲೇಖನದಲ್ಲಿ ಮೊದಲನೆಯದನ್ನೇ ಹಿಡಿದಿದ್ದೇನೆ, ಏಕೆಂದರೆ ಎರಡನೆಯದರಲ್ಲಿ ಆ ಮನುಷ್ಯ ಅವನಾಗಿಯೇ ಉಳಿಯುವುದಿಲ್ಲ.

ಇನ್ನೊಂದು ಮಾತು ಅಖಾಡದ ಬಾಗಿಲಿನದು. ಯಾರನ್ನು ಒಳಗೆ ಬಿಟ್ಟಿದ್ದರು? ಡೆಂಪ್ಸಿ ತನ್ನ ಪಟ್ಟವನ್ನು ಹ್ಯಾರಿ ವಿಲ್ಸ್ ಎಂಬ ಬಲಿಷ್ಠ ಕಪ್ಪು ಬಾಕ್ಸರನ ಎದುರು ಒಮ್ಮೆಯೂ ಪಣಕ್ಕಿಡಲಿಲ್ಲ. ವರ್ಣಭೇದದ ಕಾಲ ಅದಕ್ಕೆ ಬಿಡಲಿಲ್ಲ. 1972, 1976, 1980ರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದ ಕ್ಯೂಬಾದ ತಿಯೊಫಿಲೊ ಸ್ಟೀವನ್‌ಸನ್ ವೃತ್ತಿಪರನಾಗಲೇ ಇಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಕ್ಲಿಟ್ಸ್‌ಕೊ ಸಹೋದರರು, ಉಸಿಕ್ ಮುಂತಾದವರಿಗೆ ಬಾಗಿಲು ತೆರೆಯಿತು. ಹಾಗಾಗಿ ವಿಶ್ವ ಚಾಂಪಿಯನ್ ಎಂಬ ಪದದ ಅರ್ಥ 1920ರಲ್ಲಿ ಒಂದು, 2020ರಲ್ಲಿ ಒಂದು. ಅದೇ ಹೊತ್ತಿಗೆ ಹಳಬರಿಗೆ ಸಲ್ಲಬೇಕಾದ ಒಂದು ಶ್ರೇಯಸ್ಸನ್ನು ಮರೆಯಬಾರದು. ಅಲಿ 1966 ಒಂದೇ ವರ್ಷದಲ್ಲಿ ಐದು ಸಲ ಪಟ್ಟ ಕಾಯ್ದುಕೊಂಡ. ಇಂದಿನ ಚಾಂಪಿಯನ್ ವರ್ಷಕ್ಕೆ ಒಂದು ಅಥವಾ ಎರಡು ಸಲ ರಿಂಗಿಗೆ ಇಳಿದರೆ ಹೆಚ್ಚು. ಪಂದ್ಯದಿಂದ ಬರುವ ಕಣ್ಣು ತಾಲೀಮಿನಿಂದ ಬರುವುದಿಲ್ಲ.

ಹಳೆಯ ಚಿತ್ರಗಳನ್ನು ನೋಡಿ ನಗುವ ಹುಡುಗರಿಗೂ ಒಂದು ಮಾತು. ಆ ಕಾಲದ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಕಡಿಮೆ ಚಿತ್ರಗಳು ದಾಖಲಾಗಿದ್ದುದನ್ನು ಇಂದಿನ ವೇಗದಲ್ಲಿ ಓಡಿಸಿದರೆ ಮಹಾಮಲ್ಲನೂ ಕೀಲಿಗೊಂಬೆಯಂತೆ ಕುಣಿಯುತ್ತಾನೆ. ವೇಗ ಸರಿಪಡಿಸಿದ ಪ್ರತಿಗಳನ್ನು ಹುಡುಕಿ ನೋಡಬೇಕು.

ಇಷ್ಟೆಲ್ಲ ತೂಗಿದ ಮೇಲೂ ಶೈಲಿಯ ಗಂಟು ಉಳಿಯುತ್ತದೆ. 1971ರಲ್ಲಿ ಫ್ರೇಜಿಯರ್ ಅಲಿಯನ್ನು ಸೋಲಿಸಿದ. 1973ರಲ್ಲಿ ಫೋರ್‌ಮನ್ ಅದೇ ಫ್ರೇಜಿಯರ್‌ನನ್ನು ಎರಡು ಸುತ್ತಿನಲ್ಲಿ ಆರು ಸಲ ಕೆಡವಿದ. 1974ರಲ್ಲಿ ಅಲಿ ಫೋರ್‌ಮನ್‌ನನ್ನು ಮಲಗಿಸಿದ. ಮೂವರೂ ಒಂದೇ ಕಾಲದವರು, ಒಂದೇ ನಿಯಮ, ಎಲ್ಲವೂ ನಮ್ಮ ಕಣ್ಣ ಮುಂದೆ ನಡೆದದ್ದು. ಆದರೂ ಯಾರು ದೊಡ್ಡವರು ಎಂದು ಸಾಲಾಗಿ ನಿಲ್ಲಿಸಲು ಆಗುವುದಿಲ್ಲ. ಆದ್ದರಿಂದ ಕಾಲ ದಾಟಿಸುವಾಗ ಪಟ್ಟಿ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಒಂದೊಂದು ಜೋಡಿಯನ್ನೇ ಕಟ್ಟಿ ನೋಡಬೇಕು.

ನಾನು ಕಟ್ಟುವ ಜೋಡಿ 1966ರ ಅಲಿ ಮತ್ತು 2024ರ ಉಸಿಕ್. ಇಬ್ಬರ ಎತ್ತರವೂ 191 ಸೆಂಟಿಮೀಟರ್, ಇಬ್ಬರ ಚಾಚೂ 198. ಅಲಿಯ ತೂಕ 96 ಕಿಲೊ, ಉಸಿಕ್‌ನದು 101. ಇಬ್ಬರೂ ಒಲಿಂಪಿಕ್ಸ್ ಚಿನ್ನ ಗೆದ್ದವರು, ಒಬ್ಬ 1960ರ ರೋಮ್‌ನಲ್ಲಿ, ಇನ್ನೊಬ್ಬ 2012ರ ಲಂಡನ್‌ನಲ್ಲಿ. ಇಬ್ಬರೂ ಹುಟ್ಟಿದ್ದು ಜನವರಿ 17ರಂದು, 45 ವರ್ಷದ ಅಂತರದಲ್ಲಿ. ಗಾತ್ರದ ತಕರಾರು ಇಲ್ಲದ ಇಂಥ ಜೋಡಿ ಹುಡುಕಿದರೂ ಸಿಗುವುದಿಲ್ಲ.

ಉಸಿಕ್ ಎಡಗೈಯವನು, ಎಂದರೆ ಬಲಗಾಲು ಮುಂದಿಟ್ಟು ನಿಲ್ಲುತ್ತಾನೆ. ಇದರ ಪರಿಣಾಮ ತಿಳಿಯಲು ಉಸ್ತಾದರು ಆ ಸಂಜೆ ಇಬ್ಬರು ಹುಡುಗರನ್ನು ಮಟ್ಟಿಯಲ್ಲಿ ನಿಲ್ಲಿಸಿದರು. ಒಬ್ಬನಿಗೆ ಎಡಗಾಲು ಮುಂದೆ, ಒಬ್ಬನಿಗೆ ಬಲಗಾಲು ಮುಂದೆ. ಇಬ್ಬರ ಮುಂಗಾಲುಗಳೂ ಹೆಬ್ಬೆರಳಿಗೆ ಹೆಬ್ಬೆರಳು ತಾಗಿದವು. ಮುಂದಿನ ಕೈಗಳು ಒಂದರ ದಾರಿಗೊಂದು ಅಡ್ಡ ಬಂದವು. ಉಸ್ತಾದರು ಎಡಗೈಯ ಹುಡುಗನ ಮುಂಗಾಲನ್ನು ತಮ್ಮ ಕೈಯಿಂದ ಹಿಡಿದು ನಾಲ್ಕು ಬೆರಳಷ್ಟು ಹೊರಕ್ಕೆ ಸರಿಸಿದರು. ಒಮ್ಮೆಗೇ ಅವನ ಹಿಂದಿನ ಎಡಗೈಗೆ ಎದುರಾಳಿಯ ಗದ್ದಕ್ಕೆ ನೇರ ದಾರಿ ತೆರೆಯಿತು. ಮಣ್ಣಿನ ಮೇಲೆ ಮೂಡಿದ ಎರಡು ಹೆಜ್ಜೆ ಗುರುತುಗಳನ್ನು ನಾವೆಲ್ಲ ಬಗ್ಗಿ ನೋಡಿದೆವು. ನಾಲ್ಕು ಬೆರಳು, ಅಷ್ಟೇ.

ಉಸಿಕ್‌ನ ಆಟವೆಲ್ಲ ಆ ನಾಲ್ಕು ಬೆರಳಿನಲ್ಲಿದೆ. 2024ರ ಮೇ 18ರಂದು ರಿಯಾದ್‌ನಲ್ಲಿ ತನಗಿಂತ ಅರ್ಧ ಅಡಿ ಎತ್ತರದ ಫ್ಯೂರಿಯನ್ನು ಮೊದಲರ್ಧ ತಾಳಿಕೊಂಡು, ಒಂಬತ್ತನೆಯ ಸುತ್ತಿನಲ್ಲಿ ಎಡಗೈಯಿಂದ ಹೊಡೆದು ತತ್ತರಿಸುವಂತೆ ಮಾಡಿದ್ದು ಹೀಗೆಯೇ. ಕೊನೆಗೆ ಮೂವರು ತೀರ್ಪುಗಾರರಲ್ಲಿ ಇಬ್ಬರ ಮತದಿಂದ ಗೆದ್ದ. ಅಲಿ ಎಡಗೈಯವರನ್ನು ಎದುರಿಸಿದ್ದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. 1966ರ ಸೆಪ್ಟೆಂಬರ್ 10ರಂದು ಫ್ರಾಂಕ್‌ಫರ್ಟ್‌ನಲ್ಲಿ ಜರ್ಮನಿಯ ಕಾರ್ಲ್ ಮಿಲ್ಡನ್‌ಬರ್ಗರ್ ಅವನ ಎದುರು ನಿಂತ. ಹೆವಿವೇಟ್ ಪಟ್ಟಕ್ಕೆ ಸೆಣಸಿದ ಮೊದಲ ಎಡಗೈಯವನು ಅವನು. ಅಲಿಗೆ ಅಂದು ಸುಲಭವಾಗಲಿಲ್ಲ. ಅವನ ಜಾಬ್, ಎಂದರೆ ಮುಂದಿನ ಕೈಯ ಚುರುಕಾದ ನೇರ ಏಟು, ಎಂದಿನಂತೆ ಹರಿಯಲಿಲ್ಲ. ಸುತ್ತುಗಳು ಕಳೆದಂತೆ ಬಲಗೈಯ ನೇರ ಏಟಿಗೆ ದಾರಿ ಕಂಡುಕೊಂಡು ಹನ್ನೆರಡನೆಯ ಸುತ್ತಿನಲ್ಲಿ ಮುಗಿಸಿದ. ಮಿಲ್ಡನ್‌ಬರ್ಗರ್ ಉಸಿಕ್ ಅಲ್ಲ. ಅವನಿಗೇ ಅಷ್ಟು ಹೊತ್ತು ಬೇಕಾಯಿತು ಎಂಬುದು ಅಲಿಯ ಅಭಿಮಾನಿಯಾದ ನನ್ನನ್ನು ಚುಚ್ಚುತ್ತದೆ.

ಅಲಿಗೆ ಎರಡು ಕೆಟ್ಟ ಅಭ್ಯಾಸಗಳಿದ್ದವು. ಕೈ ಕೆಳಗಿಟ್ಟು, ಏಟು ಬಂದಾಗ ತಲೆಯನ್ನು ನೇರ ಹಿಂದಕ್ಕೆ ಎಳೆಯುತ್ತಿದ್ದ. 1963ರಲ್ಲಿ ಹೆನ್ರಿ ಕೂಪರ್‌ನ ಎಡಗೈ ಅವನನ್ನು ಕೆಡವಿದ್ದು ಇದರಿಂದ. ಹೊಟ್ಟೆಗೆ ಹೊಡೆಯುವುದೂ ಅವನಿಗೆ ಅಷ್ಟಕ್ಕಷ್ಟೇ, ತಲೆಯನ್ನೇ ಹುಡುಕುತ್ತಿದ್ದ. ಉಸಿಕ್‌ನಂಥ ತಲೆ ಕದಲಿಸುವವನ ಎದುರು ಹೊಟ್ಟೆಗೆ ಹೊಡೆಯದೆ ಕಾಲು ನಿಲ್ಲಿಸುವುದು ಕಷ್ಟ. ಇಷ್ಟಿದ್ದೂ ನಾನು ಅಲಿಯ ಪರ. ಉಸಿಕ್ ಈವರೆಗೆ ಗೆದ್ದ ದೊಡ್ಡವರೆಲ್ಲ ಅವನಿಗಿಂತ ನಿಧಾನದವರು. ತನ್ನಷ್ಟೇ ಚಾಚು ಇದ್ದು ತನಗಿಂತ ಬೇಗ ಕೈ ಬಿಡುವವನನ್ನು ಅವನು ಕಂಡಿಲ್ಲ. 24ರ ಅಲಿಯ ಎದುರು 37ರ ಉಸಿಕ್‌ಗೆ ಆ ನಾಲ್ಕು ಬೆರಳು ಸರಿಸಲು ಸಮಯ ಬೇಕು, ಮತ್ತು ಸಮಯವನ್ನು ಅಲಿ ಯಾರಿಗೂ ಕೊಡುತ್ತಿರಲಿಲ್ಲ. 15 ಸುತ್ತಾದರೆ ಅಲಿಗೆ ಎರಡು ಸುತ್ತಿನ ಅಂತರದ ಗೆಲುವು. 12ಕ್ಕೆ ಮುಗಿದರೆ ಒಂದೇ ಸುತ್ತಿನದು, ಅದೂ ತೀರ್ಪುಗಾರರು ಯಾರು ಎಂಬುದರ ಮೇಲೆ.

ಇದನ್ನೆಲ್ಲ ಉಸ್ತಾದರ ಮುಂದೆ ಬಿಡಿಸಿ ಹೇಳಿದೆ. ಅವರು ಒಪ್ಪಲಿಲ್ಲ. "ಕೈ ಎಷ್ಟು ಬೇಗ ಎಂದು ನೀವು ಎಣಿಸುತ್ತಿದ್ದೀರಿ. ಕಾಲು ತಪ್ಪು ಜಾಗದಲ್ಲಿದ್ದರೆ ಬೇಗ ಹೋದ ಕೈ ಎಲ್ಲಿಗೆ ಹೋಗುತ್ತದೆ?" ಎಂದರು. ಆಮೇಲೆ ಹುಡುಗನಿಂದ ಮೊಬೈಲ್ ಇಸಿದುಕೊಂಡು, ಟೈಸನ್ ವಿಡಿಯೊ ತೆಗೆಸಿ, ಮಿಲ್ಡನ್‌ಬರ್ಗರ್ ಪಂದ್ಯವನ್ನು ಹಾಕಿಸಿದರು. ಮುಖಗಳು ಕಾಣದಂತೆ ಪರದೆಯ ಮೇಲರ್ಧಕ್ಕೆ ಅಂಗೈ ಅಡ್ಡ ಹಿಡಿದು, ಎರಡು ಜೊತೆ ಕಾಲುಗಳನ್ನಷ್ಟೇ ಬಿಟ್ಟು, ಐದನೆಯ ಸುತ್ತಿನಿಂದ ನೋಡಲು ಶುರು ಮಾಡಿದರು.